ಪುಸ್ತಕ ಮತ್ತೆ ಸಿಗುತ್ತದೆ, ಜೋಡಣೆ ಸಿಗಲ್ಲ: ಬೈಬಲ್ ಅಧ್ಯಯನದ ಸಾಫ್ಟ್‌ವೇರ್‌ಗೆ ಯಾವ ಬ್ಯಾಕಪ್ ಸರಿ?

ಮಳೆಗಾಲದ ಒಂದು ಶನಿವಾರ ಸಂಜೆ ನನ್ನ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ಮಾರನೇ ದಿನ ಮಂಡ್ಯದ ಹತ್ತಿರದ ಒಂದು ಸಭೆಯಲ್ಲಿ ಬಿತ್ತುವವನ ಸಾಮ್ಯದ ಮೇಲೆ ಪ್ರಸಂಗ ಮಾಡಬೇಕಿತ್ತು. ನೆನಪಿದ್ದಷ್ಟನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ ಬಂದೆ. ಸೋಮವಾರ ಮೈಸೂರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಹಾರ್ಡ್‌ಡಿಸ್ಕ್ ಹೋಗಿದೆ ಅಂದರು. ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಹಾಕಿ ಕೊಟ್ಟರು.

ಮನೆಗೆ ಬಂದು ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದೆ. ರಾತ್ರಿ ಊಟದ ಹೊತ್ತಿಗೆ ಎಲ್ಲ ಪುಸ್ತಕಗಳೂ ಇಳಿದಿದ್ದವು. ಅನುವಾದಗಳು, ವ್ಯಾಖ್ಯಾನಗಳು, ಗ್ರೀಕ್ ನಿಘಂಟು, ನಕ್ಷೆ, ಒಂದೂ ತಪ್ಪಿರಲಿಲ್ಲ. ಆದರೆ ಮಾರ್ಕ 4 ತೆರೆದರೆ ಪುಟ ಬೆಳ್ಳಗಿತ್ತು. ಹಳದಿ ಗೆರೆ ಇಲ್ಲ, ಪಕ್ಕದಲ್ಲಿ ನನ್ನ ಟಿಪ್ಪಣಿ ಇಲ್ಲ. 'ಸಾಮ್ಯಗಳು', 'ಶುಭ ಶುಕ್ರವಾರ', 'ಸುಗ್ಗಿ ಹಬ್ಬ' ಅಂತ ನಾನು ಮಾಡಿಟ್ಟಿದ್ದ ಗುಂಪುಗಳೂ ಇಲ್ಲ. ಯಾವ ವ್ಯಾಖ್ಯಾನ ಮೊದಲು ತೆರೆಯಬೇಕು, ಯಾವ ಕಿಟಕಿ ಎಲ್ಲಿರಬೇಕು ಅಂತ ವರ್ಷಗಟ್ಟಲೆ ಹೊಂದಿಸಿಕೊಂಡಿದ್ದೆಲ್ಲ ಹೋಗಿತ್ತು. ಯಾರದೋ ಹೊಸ ಲೈಬ್ರರಿಯಲ್ಲಿ ಕೂತಂತೆ ಅನಿಸಿತು.

ನಮ್ಮ ಮನೆಯಲ್ಲಿ ಅಜ್ಜನ ಸತ್ಯವೇದ ಇದೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಸಣ್ಣ ಅಕ್ಷರ, ಪ್ರಸಂಗ ಮಾಡಿದ ಊರಿನ ಹೆಸರು, ತಾರೀಖು. ಆ ಸತ್ಯವೇದದ ಬೆಲೆ ಇರುವುದು ಆ ಅಂಚಿನಲ್ಲಿ. ಅದೇ ಅಚ್ಚಿನ ಇನ್ನೊಂದು ಪ್ರತಿ ತಂದುಕೊಟ್ಟರೆ ಅದು ಅಜ್ಜನದು ಆಗುವುದಿಲ್ಲ, ಅಲ್ವಾ? ಬ್ಯಾಕಪ್ ಅಂದರೆ ನನಗೆ ಈಗ ಆ ಅಂಚನ್ನು ಉಳಿಸಿಕೊಳ್ಳುವುದು. ಹಾಗಾಗಿ ಯಾವ ದಾರಿಯಲ್ಲಿ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಅಂತ ಒಂದೊಂದಾಗಿ ಹೋಲಿಸಿ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಲ್ಯಾಪ್‌ಟಾಪ್ ಬಿಟ್ಟು ಹೊಸದಕ್ಕೆ ಹೋಗುವವರು ನಮ್ಮ ಸಭೆಯಲ್ಲೇ ಸುಮಾರು ಜನ ಇದ್ದಾರೆ. ಅವರು ಹಳೆಯದನ್ನು ಮಾರುವ ಮುಂಚೆ ಇದನ್ನು ಓದಲಿ ಅಂತ ಆಸೆ.

ಮೊದಲು: ನಿಮ್ಮದು ಅಂತ ಇರುವುದು ಏನು?

ಸಾಫ್ಟ್‌ವೇರ್‌ ಒಳಗೆ ಮೂರು ಥರದ ಸರಕು ಇರುತ್ತದೆ. ಒಂದು, ಪುಸ್ತಕಗಳು. ಕೊಂಡಿದ್ದರೆ ನಿಮ್ಮ ಖಾತೆಯಲ್ಲಿ ದಾಖಲೆ ಇರುತ್ತದೆ, ಉಚಿತವಾದರೆ ಮತ್ತೆ ಇಳಿಸಿಕೊಳ್ಳಬಹುದು. ಎರಡು, ನೀವು ಬರೆದದ್ದು. ಟಿಪ್ಪಣಿ, ಪ್ರಸಂಗದ ರೂಪುರೇಖೆ, ಪ್ರಾರ್ಥನೆಯ ಪಟ್ಟಿ. ಮೂರು, ನೀವು ಜೋಡಿಸಿದ್ದು. ಹೈಲೈಟ್ ಬಣ್ಣಗಳು, ಪುಸ್ತಕಕ್ಕೆ ಅಂಟಿಸಿದ ಟ್ಯಾಗ್, ಕೊಟ್ಟ ಸ್ಟಾರ್, ಗುಂಪುಗಳು, ಬುಕ್‌ಮಾರ್ಕ್, ಕಿಟಕಿಗಳ ಲೇಔಟ್, ಓದುವ ಯೋಜನೆಯಲ್ಲಿ ಎಲ್ಲಿಗೆ ಬಂದಿದ್ದೀರಿ ಅನ್ನುವ ಗುರುತು.

ಎರಡನೆಯದನ್ನು ಕಾಪಾಡಬೇಕು ಅಂತ ಎಲ್ಲರಿಗೂ ಗೊತ್ತು. ಮೂರನೆಯದು ಹೋದ ಮೇಲೆ ಗೊತ್ತಾಗುತ್ತದೆ. ಬ್ಯಾಕಪ್ ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದೂ ಈ ಮೂರನೆಯದರಲ್ಲೇ.

ಖಾತೆಗೆ ಸಿಂಕ್ ಆಗುವ ದಾರಿ

ಲೋಗೋಸ್, ಆಲಿವ್ ಟ್ರೀ, ಯೂವರ್ಷನ್ ಈ ದಾರಿಯವು. ಲಾಗಿನ್ ಆದರೆ ನಿಮ್ಮ ಕೆಲಸ ಕಂಪನಿಯ ಸರ್ವರ್‌ಗೆ ತಾನಾಗಿಯೇ ಹೋಗುತ್ತದೆ. ಲ್ಯಾಪ್‌ಟಾಪ್ ಸತ್ತರೂ ಹೊಸದರಲ್ಲಿ ಲಾಗಿನ್ ಆದಾಗ ವಾಪಸ್ ಬರುತ್ತದೆ. ಈ ಸಾಲಿನಲ್ಲಿ ಲೋಗೋಸ್ ಮುಂದಿದೆ. ಟಿಪ್ಪಣಿ, ಹೈಲೈಟ್ ಮಾತ್ರ ಅಲ್ಲ, ಕಲೆಕ್ಷನ್ ಎಂದು ಕರೆಯುವ ಪುಸ್ತಕ ಗುಂಪುಗಳು, ಹೆಸರಿಟ್ಟ ಲೇಔಟ್‌ಗಳು, ಓದುವ ಯೋಜನೆಗಳು ಕೂಡ ಖಾತೆಯ ಜೊತೆ ಬರುತ್ತವೆ. ನನ್ನ ಮೂರನೇ ಸರಕು ಜಾಸ್ತಿ ಉಳಿಯುವುದು ಇಲ್ಲಿ.

ಆದರೂ ಒಂದು ಮಾತನ್ನು ಒತ್ತಿ ಹೇಳಬೇಕು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಫೋನಿನಲ್ಲಿ ಕೈತಪ್ಪಿ ಒಂದು ನೋಟ್‌ಬುಕ್ ಅಳಿಸಿದರೆ ಸಿಂಕ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ, ಲ್ಯಾಪ್‌ಟಾಪಿನಲ್ಲೂ ಅಳಿಸುತ್ತದೆ. ಸಿಂಕ್ ಕಾಪಾಡುವುದು ಯಂತ್ರ ಕೆಟ್ಟಾಗ. ಕೈ ತಪ್ಪಿದಾಗ ಕಾಪಾಡಬೇಕಾದರೆ ಹಳೆಯ ತಾರೀಖಿನ ಒಂದು ಪ್ರತಿ ಬೇರೆ ಕಡೆ ಇರಬೇಕು.

ಲೋಗೋಸ್ ಬಳಸುವವರಿಗೆ ಇನ್ನೊಂದು. ವರ್ಡ್ ಫೈಲಿನಿಂದ ನೀವೇ ಮಾಡಿ ಸೇರಿಸಿಕೊಂಡ ಪರ್ಸನಲ್ ಬುಕ್ ಇದ್ದರೆ, ಮೂಲ ವರ್ಡ್ ಫೈಲನ್ನು ಎಸೆಯಬೇಡಿ. ಆ ಫೈಲ್ ಒಂದು ಫೋಲ್ಡರ್‌ನಲ್ಲಿ ಭದ್ರವಾಗಿದ್ದರೆ ಪುಸ್ತಕವನ್ನು ಯಾವಾಗ ಬೇಕಾದರೂ ಮತ್ತೆ ಕಟ್ಟಬಹುದು. ನಮ್ಮಲ್ಲಿ ಹಳೆಯ ಕನ್ನಡ ಪ್ರಸಂಗಗಳನ್ನು, ಸಂಡೇ ಸ್ಕೂಲ್ ಪಾಠಗಳನ್ನು ಹೀಗೆ ಸೇರಿಸಿಕೊಂಡವರಿದ್ದಾರೆ. ಅವು ಯಾವ ಕಂಪನಿಯ ಅಂಗಡಿಯಲ್ಲೂ ಸಿಗುವುದಿಲ್ಲ.

ಯೂವರ್ಷನ್ ಉಚಿತ, ಕನ್ನಡ ಅನುವಾದಗಳೂ ಇವೆ, ನಮ್ಮ ಸಭೆಯ ಅರ್ಧ ಜನ ಅದರಲ್ಲೇ ಓದುತ್ತಾರೆ. ದಿನದ ಓದಿಗೆ, ಹೈಲೈಟ್‌ಗೆ ಚೆನ್ನಾಗಿದೆ. ಆದರೆ ಉದ್ದದ ಟಿಪ್ಪಣಿಗಳನ್ನೆಲ್ಲ ಅದರಲ್ಲೇ ಇಡಬೇಡಿ ಅಂತ ನನ್ನ ಸಲಹೆ. ನಿಮ್ಮ ಕೈಯಲ್ಲಿ ಹಿಡಿದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವಂಥ ಫೈಲ್ ಅಲ್ಲಿ ಕಾಣುವುದಿಲ್ಲ. ಮೊದಲು ಬೇರೆ ಕಡೆ ಬರೆದು, ಆಮೇಲೆ ಅಲ್ಲಿ ಅಂಟಿಸಿ.

ಕಂಪನಿ ಇರುವವರೆಗೆ ಖಾತೆ ಇರುತ್ತದೆ, ಇದನ್ನೂ ಮರೆಯಬಾರದು. ಬೈಬಲ್‌ವರ್ಕ್ಸ್ ಅಂತ ಒಂದು ಸಾಫ್ಟ್‌ವೇರ್ ಇತ್ತು. ಮೂಲಭಾಷೆ ಓದುವ ಸೆಮಿನರಿ ವಿದ್ಯಾರ್ಥಿಗಳು ಅದನ್ನು ತುಂಬ ಬಳಸುತ್ತಿದ್ದರು. 2018ರ ಜೂನ್‌ನಲ್ಲಿ ಆ ಸಂಸ್ಥೆ ಮುಚ್ಚಿತು. ಅದರಲ್ಲಿ ವರ್ಷಗಟ್ಟಲೆ ಬರೆದವರು ತಮ್ಮ ಕೆಲಸವನ್ನು ಬೇರೆ ಕಡೆಗೆ ಸಾಗಿಸುವ ದಾರಿ ಹುಡುಕಬೇಕಾಯಿತು. ಅದಕ್ಕೇ ನಾನು ವರ್ಷಕ್ಕೆ ಎರಡು ಸಲ, ಕ್ರಿಸ್‌ಮಸ್ ಮುಗಿದ ಮೇಲೆ ಒಮ್ಮೆ, ಈಸ್ಟರ್ ಮುಗಿದ ಮೇಲೆ ಒಮ್ಮೆ, ನೋಟ್‌ಬುಕ್‌ಗಳನ್ನು ವರ್ಡ್ ಫೈಲಾಗಿ ಹೊರಗೆ ತೆಗೆದಿಡುತ್ತೇನೆ.

ಫೈಲ್ ನಿಮ್ಮ ಕೈಯಲ್ಲೇ ಇರುವ ದಾರಿ

ಇ-ಸ್ವೋರ್ಡ್, ದಿವರ್ಡ್ ಇವು ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಹಳ್ಳಿ ಸಭೆಗಳ ಬೋಧಕರು ಜಾಸ್ತಿ ಬಳಸುವುದು ಇವನ್ನೇ. ಇಲ್ಲಿ ಖಾತೆ ಬೇಡ, ಇಂಟರ್‌ನೆಟ್ ಬೇಡ, ತಿಂಗಳ ಚಂದಾ ಬೇಡ. ನೀವು ಬರೆದದ್ದೆಲ್ಲ ನಿಮ್ಮ ಡಿಸ್ಕ್‌ನಲ್ಲಿ ಫೈಲಾಗಿ ಕೂತಿರುತ್ತದೆ. ನೀವು ನಕಲು ಮಾಡದಿದ್ದರೆ ಇನ್ಯಾರೂ ಮಾಡುವುದಿಲ್ಲ.

ನಾನು ಮಾಡುವುದನ್ನು ಹಾಗೇ ಹೇಳುತ್ತೇನೆ. ಮೊದಲು ಸಾಫ್ಟ್‌ವೇರನ್ನು ಪೂರ್ತಿ ಮುಚ್ಚುತ್ತೇನೆ. ಇದು ಮುಖ್ಯ. ಇ-ಸ್ವೋರ್ಡ್‌ನ ಟಿಪ್ಪಣಿ ಫೈಲುಗಳು ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಮಾದರಿಯವು. ತೆರೆದಿರುವಾಗ ನಕಲು ಮಾಡಿದರೆ ಅರ್ಧ ಬರೆದ ಸ್ಥಿತಿಯಲ್ಲಿ ಫೈಲ್ ಸಿಗಬಹುದು. ನೋಡುವುದಕ್ಕೆ ಫೈಲ್ ಇರುತ್ತದೆ, ಗಾತ್ರವೂ ಸರಿ ಕಾಣುತ್ತದೆ, ವಾಪಸ್ ಹಾಕಿದಾಗ ತೆರೆಯುವುದಿಲ್ಲ. ಆಮೇಲೆ ಡಾಕ್ಯುಮೆಂಟ್ಸ್ ಒಳಗಿನ ಇ-ಸ್ವೋರ್ಡ್ ಫೋಲ್ಡರ್‌ಗೆ ಹೋಗುತ್ತೇನೆ. ಸ್ಟಡಿ ನೋಟ್ಸ್, ಟಾಪಿಕ್ ನೋಟ್ಸ್, ಜರ್ನಲ್, ಹೈಲೈಟ್ ಒಂದೊಂದಕ್ಕೂ ಬೇರೆ ಬೇರೆ ಫೈಲ್ ಇರುತ್ತದೆ. ಆರಿಸುತ್ತಾ ಕೂರುವುದಿಲ್ಲ, ಇಡೀ ಫೋಲ್ಡರನ್ನೇ ಎತ್ತಿ '2025-11-ಇಸ್ವೋರ್ಡ್' ಅಂತ ತಾರೀಖಿನ ಹೆಸರಿಟ್ಟು ನಕಲು ಮಾಡುತ್ತೇನೆ. ವರ್ಷ ಮೊದಲು, ತಿಂಗಳು ಆಮೇಲೆ. ಹಾಗೆ ಬರೆದರೆ ಪಟ್ಟಿ ತಾನಾಗಿಯೇ ಕ್ರಮವಾಗಿ ನಿಲ್ಲುತ್ತದೆ. ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ. ಕಡೇ ಪಕ್ಷ ಮೂರು ತಿಂಗಳ ಪ್ರತಿ ಇಟ್ಟುಕೊಂಡೇ ಹಳೆಯದನ್ನು ಅಳಿಸುತ್ತೇನೆ.

ಇಲ್ಲಿ ಒಂದು ಕೊರತೆ ಇದೆ. ವಿಂಡೋಸ್‌ನಲ್ಲಿ ಎಷ್ಟೋ ಪ್ರೋಗ್ರಾಮ್‌ಗಳು ತಮ್ಮ ಸೆಟ್ಟಿಂಗ್‌ಗಳನ್ನು ಡಾಕ್ಯುಮೆಂಟ್ಸ್‌ನಲ್ಲಿ ಇಡುವುದಿಲ್ಲ. ರಿಜಿಸ್ಟ್ರಿ ಎಂಬ ವಿಂಡೋಸ್‌ನ ಒಳಗಿನ ದಾಖಲೆಯಲ್ಲಿ ಇಲ್ಲವೇ ಆಪ್‌ಡೇಟಾ ಎಂಬ ಫೋಲ್ಡರ್‌ನಲ್ಲಿ ಇಡುತ್ತವೆ. ಆಪ್‌ಡೇಟಾ ಮಾಮೂಲಿಯಾಗಿ ಕಣ್ಣಿಗೆ ಕಾಣದಂತೆ ಮರೆಯಾಗಿರುತ್ತದೆ. ಹಾಗಾಗಿ ಡಾಕ್ಯುಮೆಂಟ್ಸ್ ಒಂದನ್ನೇ ನಕಲು ಮಾಡಿದರೆ ಬರಹವೇನೋ ಉಳಿಯುತ್ತದೆ, ಆದರೆ ಕಿಟಕಿಗಳ ಜೋಡಣೆಯೂ ಉಳಿಯುತ್ತದೆ ಅಂತ ಹೇಳಲಾಗದು.

ಈ ಒಂದು ವಿಷಯದಲ್ಲಿ ದಿವರ್ಡ್ ನನಗೆ ತುಂಬ ಇಷ್ಟ. ಅದನ್ನು ಪೆನ್‌ಡ್ರೈವ್ ಮೇಲೆಯೇ ಇನ್‌ಸ್ಟಾಲ್ ಮಾಡಬಹುದು. ಆಗ ಪ್ರೋಗ್ರಾಮ್, ಪುಸ್ತಕ, ಟಿಪ್ಪಣಿ, ಸೆಟ್ಟಿಂಗ್ ಎಲ್ಲ ಒಂದೇ ಫೋಲ್ಡರ್‌ನಲ್ಲಿ. ಆ ಫೋಲ್ಡರ್ ನಕಲು ಮಾಡಿದರೆ ನಿಮ್ಮ ಮೇಜನ್ನೇ ಎತ್ತಿಟ್ಟ ಹಾಗೆ. ಸ್ವಂತ ಲ್ಯಾಪ್‌ಟಾಪ್ ಇಲ್ಲದೆ ಸಭೆಯ ಕಂಪ್ಯೂಟರ್ ಬಳಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಫೋನ್ ಒಂದರಲ್ಲೇ ಓದುವವರಿಗೆ

ಮಂಡ್ಯದಲ್ಲಿರುವ ನಮ್ಮ ಅಕ್ಕ ಸಂಡೇ ಸ್ಕೂಲ್ ಟೀಚರ್. ಲ್ಯಾಪ್‌ಟಾಪ್ ಮುಟ್ಟುವುದಿಲ್ಲ, ಎಲ್ಲ ಆಂಡ್‌ಬೈಬಲ್ ಆಪ್‌ನಲ್ಲೇ. ಬುಕ್‌ಮಾರ್ಕ್‌ಗಳಿಗೆ ಲೇಬಲ್ ಹಾಕಿ, ಒಂದೊಂದು ತರಗತಿಗೆ ಒಂದೊಂದು ಬಣ್ಣ ಮಾಡಿಕೊಂಡಿದ್ದಾಳೆ. ಒಂದು ದಿನ ಫೋನ್ ಮಾಡಿ, "ಸ್ಟೋರೇಜ್ ತುಂಬಿದೆ ಕಣೋ, ಆಪ್ ತೆಗೆದು ಮತ್ತೆ ಹಾಕಿಕೊಳ್ಳಲಾ?" ಅಂದಳು. "ಬೇಡಕ್ಕಾ, ಸ್ವಲ್ಪ ತಡಿ, ನಾನು ಬರ್ತೀನಿ" ಅಂದೆ.

ಆಪ್ ತೆಗೆದರೆ ಅದರ ಸ್ವಂತ ಜಾಗದಲ್ಲಿರುವ ಡೇಟಾವೂ ಹೋಗುತ್ತದೆ, ಆಂಡ್ರಾಯ್ಡ್‌ನ ಪದ್ಧತಿಯೇ ಹಾಗೆ. ಗೂಗಲ್ ಬ್ಯಾಕಪ್ ಇದೆಯಲ್ಲ ಅಂತ ಕೇಳಬಹುದು. ಆಂಡ್ರಾಯ್ಡ್‌ನ ತಾನಾಗಿ ಆಗುವ ಬ್ಯಾಕಪ್‌ನಲ್ಲಿ ಒಂದು ಆಪ್‌ಗೆ ಸಿಗುವುದು 25 ಎಂಬಿ ಮಾತ್ರ, ಅದೂ ಆಪ್ ಮಾಡಿದವರು ಒಪ್ಪಿದ್ದರೆ. ಅದನ್ನು ನಂಬಿ ಕೂರುವ ಹಾಗಿಲ್ಲ.

ಆಂಡ್‌ಬೈಬಲ್‌ನಲ್ಲಿ ಬ್ಯಾಕಪ್ ಮತ್ತು ರಿಸ್ಟೋರ್ ಅಂತಲೇ ಒಂದು ಆಯ್ಕೆ ಇದೆ. ಒತ್ತಿದರೆ ಬುಕ್‌ಮಾರ್ಕ್, ಲೇಬಲ್, ಟಿಪ್ಪಣಿ, ವರ್ಕ್‌ಸ್ಪೇಸ್ ಎಲ್ಲ ಸೇರಿ ಒಂದು ಫೈಲಾಗುತ್ತದೆ. ವರ್ಕ್‌ಸ್ಪೇಸ್ ಅಂದರೆ ಯಾವ ಅನುವಾದ ಮೇಲೆ, ಯಾವುದು ಕೆಳಗೆ ಅನ್ನುವ ಜೋಡಣೆ. ಅಂದರೆ ಮೂರನೇ ಸರಕೂ ಬಂತು. ಆ ಫೈಲನ್ನು ಅಕ್ಕ ತನ್ನ ಜಿಮೇಲ್‌ಗೆ ತಾನೇ ಕಳಿಸಿಕೊಂಡಳು, ವಾಟ್ಸ್ಆಪ್‌ನಲ್ಲಿ ನನಗೂ ಒಂದು ಕಳಿಸಿದಳು. ಎರಡು ನಿಮಿಷದ ಕೆಲಸ. ಆಮೇಲೆ ಆಪ್ ತೆಗೆದು, ಹಾಕಿ, ರಿಸ್ಟೋರ್ ಒತ್ತಿದಾಗ ಅವಳ ಬಣ್ಣಗಳೆಲ್ಲ ಹಾಗೇ ಬಂದವು.

ಫೋನ್ ಆಪ್ ಆರಿಸುವಾಗ ನನ್ನ ಮೊದಲ ಪ್ರಶ್ನೆ ಈಗ ಇದೇ: ನನ್ನದನ್ನೆಲ್ಲ ಒಂದು ಫೈಲಾಗಿ ಹೊರಗೆ ಕೊಡುತ್ತದಾ? ಕೊಡದಿದ್ದರೆ ಅದರಲ್ಲಿ ಓದುತ್ತೇನೆ, ಬರೆಯುವುದಿಲ್ಲ.

ಇಡೀ ಕಂಪ್ಯೂಟರಿನ ಬ್ಯಾಕಪ್

ಮ್ಯಾಕ್‌ನಲ್ಲಿ ಟೈಮ್ ಮೆಷೀನ್ ಇದೆ, ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಇದೆ. ಹೊರಗಿನ ಹಾರ್ಡ್‌ಡಿಸ್ಕ್ ಇದ್ದರೆ ಹಾಕಿಕೊಳ್ಳಿ, ಒಳ್ಳೆಯದೇ. ಅಕಾರ್ಡೆನ್ಸ್‌ನಂಥ ಬೈಬಲ್ ಸಾಫ್ಟ್‌ವೇರನ್ನು ಮ್ಯಾಕ್‌ನಲ್ಲಿ ಬಳಸುವವರಿಗೆ ಟೈಮ್ ಮೆಷೀನ್ ಎಲ್ಲಕ್ಕಿಂತ ಸುಲಭ, ಮರೆಯಾದ ಫೋಲ್ಡರ್‌ಗಳನ್ನೂ ಅದು ಬಿಡುವುದಿಲ್ಲ. ಫೈಲ್ ಹಿಸ್ಟರಿ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಂಥ ಜಾಗಗಳನ್ನಷ್ಟೇ ನೋಡಿಕೊಳ್ಳುತ್ತದೆ, ಆಪ್‌ಡೇಟಾ ತಾನಾಗಿ ಸೇರುವುದಿಲ್ಲ.

ಸ್ಕ್ರೀನ್‌ಶಾಟ್ ಮತ್ತು ಹಾಳೆ

ಇದು ಬ್ಯಾಕಪ್ಪಾ ಅಂತ ಕೆಲವರು ಕೇಳಿದ್ದಾರೆ. ಹೌದು, ಜೋಡಣೆಗೆ ಇದು ಒಳ್ಳೆಯ ಬ್ಯಾಕಪ್. ಲೇಔಟ್ ಹೇಗಿತ್ತು ಅಂತ ಒಂದು ಸ್ಕ್ರೀನ್‌ಶಾಟ್ ಇದ್ದರೆ ಹತ್ತು ನಿಮಿಷದಲ್ಲಿ ಮತ್ತೆ ಹೊಂದಿಸಬಹುದು. ಲೋಗೋಸ್‌ನ ಕಲೆಕ್ಷನ್‌ಗಳನ್ನು ನಿಯಮ ಕೊಟ್ಟು ಕಟ್ಟಬಹುದು, ಇಂಥ ಬಗೆಯ ಪುಸ್ತಕ, ಹೆಸರಿನಲ್ಲಿ ಇಂಥ ಪದ ಇರುವುದು ಅಂತ. ಆ ನಿಯಮದ ಒಂದು ಸಾಲನ್ನು ಬರೆದಿಟ್ಟುಕೊಂಡರೆ ಗುಂಪು ಪೂರ್ತಿ ವಾಪಸ್ ಬಂದಂತೆ. ನಾನು ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ: ಯಾವ ಬಣ್ಣ ಯಾವುದಕ್ಕೆ, ಮೊದಲು ತೆರೆಯುವ ಐದು ವ್ಯಾಖ್ಯಾನ ಯಾವುವು, ಯಾವ ಟ್ಯಾಗ್‌ಗೆ ಏನರ್ಥ. ಬೇರೆ ಸಾಫ್ಟ್‌ವೇರ್‌ಗೆ ಹೋದರೂ ಈ ಹಾಳೆ ಕೆಲಸಕ್ಕೆ ಬರುತ್ತದೆ. ಬೇರೆ ಯಾವ ಬ್ಯಾಕಪ್ಪಿಗೂ ಆ ಗುಣ ಇಲ್ಲ.

ಬೇರೆ ಸಾಫ್ಟ್‌ವೇರ್‌ಗೆ ಹೋಗುವ ಮಾತು ಬಂತು. ಟಿಪ್ಪಣಿಗಳು ವಚನದ ಸಂಖ್ಯೆಗೆ ತಗಲಿಕೊಂಡಿರುತ್ತವೆ. ಸಂಖ್ಯೆ ಎಲ್ಲ ಕಡೆ ಒಂದೇ ಅಲ್ಲ. ಮಲಾಕಿಯನ ಪುಸ್ತಕ ನಮ್ಮ ಸತ್ಯವೇದದಲ್ಲಿ 4 ಅಧ್ಯಾಯ, ಹೀಬ್ರೂ ಬೈಬಲ್‌ನಲ್ಲಿ 3. ನಮ್ಮ 4:1 ಅಲ್ಲಿ 3:19. ಸಾಗಿಸಿದ ಮೇಲೆ ಇಂಥ ಒಂದೆರಡು ಕಡೆ ತೆರೆದು ಟಿಪ್ಪಣಿ ಸರಿಯಾದ ವಚನದಲ್ಲೇ ಇದೆಯಾ ನೋಡಿ.

ಕನ್ನಡದಲ್ಲಿ ಬರೆಯುವವರು ಇದನ್ನು ಬಿಡಬೇಡಿ

ನಿವೃತ್ತರಾದ ನಮ್ಮ ಅಯ್ಯನವರೊಬ್ಬರು ಹದಿನೈದು ವರ್ಷದ ಪ್ರಸಂಗಗಳನ್ನು ಅಚ್ಚುಕಟ್ಟಾಗಿ ಸಿಡಿಯಲ್ಲಿ ಇಟ್ಟಿದ್ದರು. ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ. "ಎಲ್ಲ ಹಾಳಾಗಿಹೋಯ್ತಾ?" ಅಂತ ಅವರು ಕೇಳಿದಾಗ ನನಗೂ ಗಂಟಲು ಕಟ್ಟಿತು. ಹಾಳಾಗಿರಲಿಲ್ಲ. ಅವು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆಗಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಅದು ಕನ್ನಡ ಅಂತ ಗೊತ್ತೇ ಆಗುವುದಿಲ್ಲ. ಫಾಂಟ್ ಹಾಕಿದ ಮೇಲೆ ಅಕ್ಷರ ಕಂಡವು. ಆಸ್ಕಿಯಿಂದ ಯೂನಿಕೋಡ್‌ಗೆ, ಅಂದರೆ ಯಾವ ಕಂಪ್ಯೂಟರ್‌ಗೂ ಕನ್ನಡ ಅಂತಲೇ ಗೊತ್ತಾಗುವ ರೂಪಕ್ಕೆ, ಬದಲಿಸುವ ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರ ಕೆಟ್ಟ ಕಡೆ ಕೈಯಿಂದ ತಿದ್ದಿದೆವು.

ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ನಿಮ್ಮಲ್ಲಿದ್ದರೆ, ಬ್ಯಾಕಪ್‌ಗೂ ಮುಂಚೆ ಯೂನಿಕೋಡ್‌ಗೆ ತನ್ನಿ. ಇಲ್ಲದಿದ್ದರೆ ಕಡೇ ಪಕ್ಷ ಆ ಫಾಂಟ್ ಫೈಲನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ, ಜೊತೆಗೆ ಒಂದು ಪಿಡಿಎಫ್ ಮಾಡಿ. ಯೂನಿಕೋಡ್‌ಗೆ ಬಂದರೆ ಇನ್ನೊಂದು ಲಾಭ ಇದೆ. ಬೈಬಲ್ ಸಾಫ್ಟ್‌ವೇರ್‌ ಒಳಗೆ 'ಕೃಪೆ' ಅಂತ ಹುಡುಕಿದರೆ ನಿಮ್ಮ ಟಿಪ್ಪಣಿಗಳೂ ಸಿಗುತ್ತವೆ. ಆಸ್ಕಿಯಲ್ಲಿ ಬರೆದದ್ದು ಹಾಗೆ ಹುಡುಕಿದರೆ ಸಿಗುವುದಿಲ್ಲ.

ನಕಲು ಎಲ್ಲಿರಬೇಕು?

ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಪೆನ್‌ಡ್ರೈವ್ ಇಟ್ಟರೆ ಬ್ಯಾಗ್ ಕಳೆದ ದಿನ ಎರಡೂ ಹೋಗುತ್ತವೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಮನೆಯ ಹೊರಗೆ. ಹೊರಗೆ ಅಂದರೆ ಗೂಗಲ್ ಡ್ರೈವ್ ಸಾಕು. ಗೂಗಲ್ ಖಾತೆಗೆ 15 ಜಿಬಿ ಉಚಿತ, ಒನ್‌ಡ್ರೈವ್‌ಗೆ 5 ಜಿಬಿ. ಪುಸ್ತಕಗಳನ್ನು ಬಿಟ್ಟು ಬರೀ ನಿಮ್ಮ ಬರಹ, ಜೋಡಣೆ ಹಾಕಿದರೆ ಇದರ ಒಂದು ಮೂಲೆಯೂ ತುಂಬುವುದಿಲ್ಲ. ಬ್ಯಾಕಪ್‌ಗೆ ಅಂತ ಇಟ್ಟ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಪ್ರಿಂಟ್ ತೆಗೆಸಲು ಕೊಡಬೇಡಿ, ವೈರಸ್ ಅಲ್ಲಿಂದಲೇ ಬರುವುದು. ಅದಕ್ಕೆ ಬೇರೆ ಇರಲಿ.

ಒನ್‌ಡ್ರೈವ್ ಬಗ್ಗೆ ಒಂದು ಎಚ್ಚರಿಕೆ. ಹೊಸ ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಎಷ್ಟೋ ಸಲ ಒನ್‌ಡ್ರೈವ್ ಒಳಗೇ ಸೇರಿಕೊಂಡಿರುತ್ತದೆ. ಆಗ ಸಾಫ್ಟ್‌ವೇರ್ ಬರೆಯುತ್ತಿರುವ ಡೇಟಾಬೇಸನ್ನೇ ಒನ್‌ಡ್ರೈವ್ ಮೇಲಕ್ಕೆ ಕಳಿಸಲು ನೋಡುತ್ತದೆ, ಎರಡರ ನಡುವೆ ಎಳೆದಾಟ ಆಗುತ್ತದೆ. ಬಳಸುವ ಫೋಲ್ಡರ್ ಹೊರಗಿರಲಿ, ನಕಲು ಮಾಡಿದ್ದು ಮಾತ್ರ ಒನ್‌ಡ್ರೈವ್‌ಗೆ ಹೋಗಲಿ.

ಯಾರಿಗೆ ಯಾವುದು?

ಫೋನು, ಲ್ಯಾಪ್‌ಟಾಪು ಎರಡರಲ್ಲೂ ಕೆಲಸ ಮಾಡುವ, ಪುಸ್ತಕಕ್ಕೆ ದುಡ್ಡು ಹಾಕಿರುವ ಸಭಾಪಾಲಕರಿಗೆ ಲೋಗೋಸ್‌ನ ಸಿಂಕ್, ಜೊತೆಗೆ ವರ್ಷಕ್ಕೆರಡು ಸಲ ಹೊರತೆಗೆದ ವರ್ಡ್ ಫೈಲು. ಇಂಟರ್‌ನೆಟ್ ಆಗಾಗ ಹೋಗುವ ಹಳ್ಳಿಯಲ್ಲಿ ಒಂದೇ ಲ್ಯಾಪ್‌ಟಾಪ್ ಇಟ್ಟುಕೊಂಡ ಬೋಧಕರಿಗೆ ದಿವರ್ಡ್ ಇಲ್ಲವೇ ಇ-ಸ್ವೋರ್ಡ್, ತಿಂಗಳಿಗೊಮ್ಮೆ ಫೋಲ್ಡರ್ ನಕಲು. ಇಬ್ಬರಲ್ಲಿ ಯಾರ ಕೆಲಸ ಜಾಸ್ತಿ ಭದ್ರ ಅಂತ ಕೇಳಿದರೆ, ತಿಂಗಳಿಗೊಮ್ಮೆ ತಪ್ಪದೆ ನಕಲು ಮಾಡುವ ಬೋಧಕರದ್ದು ಅಂತಲೇ ನಾನು ಹೇಳುತ್ತೇನೆ. ಅಕ್ಕನಂಥವರಿಗೆ ಆಂಡ್‌ಬೈಬಲ್‌ನ ಒಂದು ಫೈಲ್ ಸಾಕು. ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ಮಾತ್ರ ಮೂವರಿಗೂ ಬೇಕು.

ಯಾವುದನ್ನು ಆರಿಸಿದರೂ ಒಮ್ಮೆ ವಾಪಸ್ ಹಾಕಿ ನೋಡಿ. ನಾನು ತಮ್ಮನ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿ, ನನ್ನ ಪೆನ್‌ಡ್ರೈವ್‌ನ ಫೋಲ್ಡರ್ ಹಾಕಿ, ಮೂರು ಗುರುತು ಹುಡುಕಿದೆ: ಯೋಹಾನ 15ರಲ್ಲಿ ದ್ರಾಕ್ಷಾಬಳ್ಳಿಯ ವಚನದ ಮೇಲಿನ ಹಸಿರು, ಲೂಕ 10ರಲ್ಲಿ ಸಮಾರ್ಯದವನ ಬಗ್ಗೆ ಬರೆದ ಉದ್ದದ ಟಿಪ್ಪಣಿ, 'ಸುಗ್ಗಿ ಹಬ್ಬ' ಅನ್ನುವ ಗುಂಪು. ಹಸಿರು ಬಂತು, ಟಿಪ್ಪಣಿ ಬಂತು. ಗುಂಪು ಬರಲಿಲ್ಲ. ಹುಡುಕಿದರೆ ಅದರ ಫೈಲ್ ಬೇರೆ ಫೋಲ್ಡರ್‌ನಲ್ಲಿತ್ತು, ನಾನು ಅದನ್ನು ನಕಲು ಮಾಡಿಯೇ ಇರಲಿಲ್ಲ. ಅವತ್ತೇ ಆ ಫೋಲ್ಡರಿನ ಹೆಸರನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಂಡೆ. ಮುಂದಿನ ತಿಂಗಳು ಮತ್ತೆ ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದಾಗ ಮೂರೂ ಬಂದವು.